ಮೂರು ಬೆರಳೋ, ಎರಡು ಪಾದವೋ? ಅಮೆರಿಕನ್ ಫುಟ್‌ಬಾಲ್ ಕ್ಯಾಚ್‌ಗಳ ಬಗ್ಗೆ ಒಂದು ಜಗಳ

ಹಡ್ಸನ್ ದಂಡೆ:

ಕಳೆದ ಭಾನುವಾರ ಸ್ನೇಹಿತರ ಮನೆಯಲ್ಲಿ ಊಟವಾದ ಮೇಲೆ ಎದ್ದ ಜಗಳವನ್ನು ಇಲ್ಲಿಗೆ ತಂದಿದ್ದೇನೆ. ಬಿಸಿಬೇಳೆ ಬಾತ್ ತಿಂದು ಎಲ್ಲರೂ ಸೋಫಾಗಳಲ್ಲಿ ಒರಗಿದ್ದಾಗ ಅಕ್ಕನ ಮಗ ಮೊಬೈಲಿನಲ್ಲಿ ಒಂದರ ಹಿಂದೊಂದು ಕ್ಯಾಚ್ ತೋರಿಸತೊಡಗಿದ. ಪ್ರತಿಯೊಂದಕ್ಕೂ ‘ಸಾರ್ವಕಾಲಿಕ ಶ್ರೇಷ್ಠ’ ಎಂಬ ಹಣೆಪಟ್ಟಿ. ವಾರಕ್ಕೆ ಮೂರು ಸಾರ್ವಕಾಲಿಕ ಶ್ರೇಷ್ಠಗಳು ಹುಟ್ಟಿದರೆ ಆ ಮಾತಿಗೆ ಏನು ಬೆಲೆ ಉಳಿಯುತ್ತದೆ?

ಈ ಹುಚ್ಚಿಗೆಲ್ಲ ಮೂಲ 2014ರ ನವೆಂಬರ್ 23ರ ರಾತ್ರಿ. ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ಜೈಂಟ್ಸ್ ತಂಡದ ಓಡೆಲ್ ಬೆಕ್‌ಹ್ಯಾಮ್ ಜೂನಿಯರ್, ಆಗಿನ್ನೂ ಮೊದಲ ವರ್ಷದ ಆಟಗಾರ, ಡಲ್ಲಾಸ್ ಕೌಬಾಯ್ಸ್ ಎದುರು ಬೆನ್ನು ನೆಲಕ್ಕೆ ಸಮನಾಗುವಷ್ಟು ಹಿಂದಕ್ಕೆ ಬಾಗಿ, ಬಲಗೈಯ ಮೂರೇ ಬೆರಳುಗಳಲ್ಲಿ ಚೆಂಡನ್ನು ಕಚ್ಚಿ ಹಿಡಿದು ಎಂಡ್ ಜೋನ್ (ಅಂಕ ಸಿಗುವ, ಮೈದಾನದ ಕೊನೆಯ ಪಟ್ಟಿ) ಒಳಗೆ ಬಿದ್ದ. 43 ಗಜದ ಟಚ್‌ಡೌನ್, ಈ ಆಟದ ದೊಡ್ಡ ಗಳಿಕೆ. ಬೆನ್ನಿಗೆ ಅಂಟಿಕೊಂಡಿದ್ದ ಬ್ರ್ಯಾಂಡನ್ ಕಾರ್ ಅವನನ್ನು ತಡೆದದ್ದಕ್ಕೆ ರೆಫರಿಗಳು ಹಳದಿ ಬಾವುಟವನ್ನೂ ಎಸೆದಿದ್ದರು. ಅಂದರೆ ತಪ್ಪು ಮಾಡಿಯೂ ಅವನನ್ನು ತಡೆಯಲಾಗಲಿಲ್ಲ. ಅಂದಿನಿಂದ ಈ ದೇಶದ ಪ್ರತಿ ಶಾಲಾ ಮೈದಾನದಲ್ಲೂ ಹುಡುಗರು ಒಂದು ಕೈಯನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಆಡುತ್ತಾರೆ.

ನನ್ನ ವಾದ ಬೇರೆ. ಕೈ ನೋಡಬೇಡಿ, ಕಾಲು ನೋಡಿ. ಕಾಲೇಜು ಆಟದಲ್ಲಿ ಒಂದು ಪಾದ ಗೆರೆಯೊಳಗೆ ಊರಿದರೆ ಸಾಕು. ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಎರಡೂ ಪಾದ ಬೇಕು, ಬೆರಳತುದಿ ಬಿಳಿ ಗೆರೆಯನ್ನು ಸವರಿದರೂ ಕ್ಯಾಚ್ ಇಲ್ಲ. 2009ರ ಫೆಬ್ರುವರಿ 1ರಂದು ಟ್ಯಾಂಪಾದಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಆ ಲೀಗ್‌ನ ಫೈನಲ್‌ನಲ್ಲಿ, ಸ್ಟೀಲರ್ಸ್ ತಂಡದ ಸಾಂಟೋನಿಯೊ ಹೋಮ್ಸ್ ಮಾಡಿದ್ದನ್ನು ನೆನಪಿಸಿಕೊಳ್ಳಿ. 20–23ರಿಂದ ಹಿಂದಿದ್ದರು. ಎಂಡ್ ಜೋನ್‌ನ ಬಲ ಮೂಲೆ, ಸುತ್ತ ಮೂವರು ಎದುರಾಳಿಗಳು. ತಲೆಯ ಮೇಲೆ ಹಾರುತ್ತಿದ್ದ ಚೆಂಡಿಗೆ ಎರಡೂ ಕೈ ಚಾಚಿ, ಮೈಯೆಲ್ಲ ಗೆರೆಯಾಚೆ ವಾಲಿದ್ದರೂ ಎರಡೂ ಪಾದದ ಬೆರಳತುದಿಗಳನ್ನು ಹುಲ್ಲಿನಲ್ಲೇ ನೆಟ್ಟಿದ್ದ. ಉಳಿದದ್ದು 35 ಸೆಕೆಂಡು. ಇದಕ್ಕೂ ಹಿಂದಿನ ಎಸೆತದಲ್ಲಿ, ಇನ್ನೊಂದು ಮೂಲೆಯಲ್ಲಿ, ಚೆಂಡು ಅವನದೇ ಕೈಗಳ ನಡುವಿನಿಂದ ಜಾರಿ ಹೋಗಿತ್ತು. ಆ ಅವಮಾನ ಇನ್ನೂ ಬಿಸಿಯಾಗಿರುವಾಗಲೇ ಮತ್ತೆ ಕೈ ಚಾಚಿದ.

ನನ್ನ ಲೆಕ್ಕದಲ್ಲಿ ಹೋಮ್ಸ್ ಮೊದಲು, ಬೆಕ್‌ಹ್ಯಾಮ್ ಆಮೇಲೆ. ಅಕ್ಕನ ಮಗ ನನ್ನನ್ನು ‘ಮುದುಕ’ ಎಂದು ಕರೆದು ಐಸ್‌ಕ್ರೀಮ್ ತಿನ್ನಲು ಹೋದ. ನೀವು ಏನನ್ನುತ್ತೀರಿ?

ಉಪ್ಪಿನಕಾಯಿ:

ಕೈಯಲ್ಲಿ ಆಡುವ ಆಟಕ್ಕೆ ಕಾಲ್ಚೆಂಡು ಎಂದು ಹೆಸರಿಟ್ಟಿದ್ದಾರಲ್ಲ ಎಂದು ಇಪ್ಪತ್ತು ವರ್ಷದಿಂದ ನಗುತ್ತಿದ್ದೆ. ಇವತ್ತು ತಾವು ಕಾಲೇ ಮುಖ್ಯ ಎಂದು ಹೇಳಿ ಆ ಹೆಸರಿನ ಮಾನ ಉಳಿಸಿದಿರಿ.

ರಾತ್ರಿಪಾಳಿ:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ಅಮೆರಿಕದ ಗಿರಾಕಿಗಳಿಗಾಗಿ ರಾತ್ರಿ ಕೆಲಸ ಮಾಡಿದವನು. ಸೋಮವಾರ ಅವರೊಂದಿಗೆ ಮಾತಿಗೆ ಏನಾದರೂ ಬೇಕಲ್ಲ ಎಂದು ಈ ಆಟವನ್ನು ಕಲಿತೆ, ಆಮೇಲೆ ಬಿಡಲಾಗಲಿಲ್ಲ.

ಹಡ್ಸನ್ ದಂಡೆಯವರೇ, ಕೈಯೂ ಅಲ್ಲ, ಕಾಲೂ ಅಲ್ಲ, ಗಳಿಗೆ. ಬೆಕ್‌ಹ್ಯಾಮ್ ಹಿಡಿದ ಆ ಪಂದ್ಯವನ್ನು ಜೈಂಟ್ಸ್ 28–31ರಿಂದ ಸೋತಿತು ಎಂಬುದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ. ಅದೇ ಜೈಂಟ್ಸ್ ತಂಡದ ಡೇವಿಡ್ ಟೈರಿಯನ್ನು ನೋಡಿ. 2008ರ ಫೆಬ್ರುವರಿ 3, ಅರಿಜೋನಾದ ಗ್ಲೆಂಡೇಲ್. ಎದುರಿಗೆ 18 ಪಂದ್ಯಗಳಲ್ಲಿ ಒಂದನ್ನೂ ಸೋಲದ ಪೇಟ್ರಿಯಟ್ಸ್. ಕೊನೆಯ 75 ಸೆಕೆಂಡು, ಮೂರನೆಯ ಡೌನ್ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಐದು ಗಜ ಬೇಕು. ಜೈಂಟ್ಸ್ ಪರ ಚೆಂಡೆಸೆಯುವ ಈಲೈ ಮ್ಯಾನಿಂಗ್‌ನ ಅಂಗಿಯನ್ನು ಇಬ್ಬರು ದಾಂಡಿಗರು ಹಿಡಿದು ಜಗ್ಗುತ್ತಿದ್ದಾರೆ. ಹೇಗೋ ಬಿಡಿಸಿಕೊಂಡು ಮೈದಾನದ ನಡುವಿಗೆ ಎತ್ತಿ ಎಸೆದ. ಟೈರಿ ನೆಗೆದು ಎರಡೂ ಕೈಯಲ್ಲಿ ಹಿಡಿದ. ಪೇಟ್ರಿಯಟ್ಸ್‌ನ ರಾಡ್ನಿ ಹ್ಯಾರಿಸನ್ ಬಡಿದದ್ದಕ್ಕೆ ಒಂದು ಕೈ ಕಳಚಿತು. ಉಳಿದ ಬಲಗೈಯಲ್ಲಿ ಚೆಂಡನ್ನು ತನ್ನ ಹೆಲ್ಮೆಟ್‌ಗೆ ಒತ್ತಿಕೊಂಡೇ ಬೆನ್ನು ಮುರಿಯುವಂತೆ ಹಿಂದಕ್ಕೆ ಬಿದ್ದ. ಹ್ಯಾರಿಸನ್ ನೆಲದ ಮೇಲೂ ಕಿತ್ತುಕೊಳ್ಳಲು ನೋಡಿದ. ಚೆಂಡು ನೆಲ ಮುಟ್ಟಲಿಲ್ಲ. 32 ಗಜ. ಸ್ವಲ್ಪ ಹೊತ್ತಿನಲ್ಲೇ ಪ್ಲಾಕ್ಸಿಕೊ ಬರೆಸ್ ಟಚ್‌ಡೌನ್ ಮಾಡಿದ, 17–14.

ಈ ಟೈರಿ ಯಾರು? ಆ ಋತುವಿನ ಲೀಗ್ ಪಂದ್ಯಗಳಲ್ಲೆಲ್ಲ ಸೇರಿ ನಾಲ್ಕೇ ಕ್ಯಾಚ್ ಹಿಡಿದಿದ್ದವನು. ಪಂದ್ಯಕ್ಕೆ ಎರಡು ದಿನ ಮುಂಚೆ, ಶುಕ್ರವಾರದ ಅಭ್ಯಾಸದಲ್ಲಿ, ಬಂದ ಚೆಂಡುಗಳನ್ನೆಲ್ಲ ಕೈಚೆಲ್ಲುತ್ತಿದ್ದನಂತೆ. ಈ ಹೆಲ್ಮೆಟ್ ಕ್ಯಾಚ್ ಆದ ಮೇಲೆ ಎನ್‌ಎಫ್‌ಎಲ್‌ನಲ್ಲಿ ಅವನು ಇನ್ನೊಂದು ಕ್ಯಾಚ್ ಹಿಡಿಯಲೇ ಇಲ್ಲ. ನಮ್ಮ ಅಜ್ಜಿ ಇದ್ದಿದ್ದರೆ ‘ಅವನ ಹಣೆಯಲ್ಲಿ ಬರೆದಿತ್ತು’ ಎನ್ನುತ್ತಿದ್ದರು. ಇಲ್ಲಿ ಆ ಮಾತು ಅಕ್ಷರಶಃ ನಿಜ. ಚೆಂಡು ನಿಂತದ್ದೇ ಅಲ್ಲಿ.

ಕಾಫಿ ತೋಟ:

ಚಿಕ್ಕಮಗಳೂರಿನವನು, ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದು. ನನ್ನ ಮಗಳು ಈ ಚರ್ಚೆಯನ್ನು ಕಳಿಸಿದ್ದರಿಂದ ಓದಿದೆ. ಒಂದು ಸಂಶಯ, ಕೋಪಿಸಿಕೊಳ್ಳಬೇಡಿ. ಕೈಗೆ ಅಂಟುವ ಗ್ಲೌಸ್, ತಲೆಗೆ ಹೆಲ್ಮೆಟ್, ಭುಜಕ್ಕೆ ದಿಂಬು, ಎಸೆಯುವವನು ನಿಮ್ಮದೇ ತಂಡದವನು. ಇಷ್ಟೆಲ್ಲ ಇದ್ದ ಮೇಲೆ ಹಿಡಿಯುವುದರಲ್ಲಿ ಏನು ಹೆಚ್ಚುಗಾರಿಕೆ? ಸ್ಲಿಪ್‌ನಲ್ಲಿ ದ್ರಾವಿಡ್ ಬರಿಗೈಯಲ್ಲಿ ಹಿಡಿದಾಗ ಬ್ಯಾಟಿನ ಅಂಚು ಅವರಿಗೆ ಮುಂಚೆ ಹೇಳಿ ಕಳಿಸಿತ್ತೇ?

ಹಡ್ಸನ್ ದಂಡೆ:

ಕೋಪ ಯಾಕೆ, ಇದು ಕೇಳಲೇಬೇಕಾದ ಪ್ರಶ್ನೆ. ಗ್ಲೌಸ್ ವಿಷಯದಲ್ಲಿ ತಾವು ಅರ್ಧ ಸರಿ. ಈಗಿನ ಗ್ಲೌಸ್‌ಗಳ ಅಂಗೈಗೆ ಹಚ್ಚಿರುವ ಸಿಲಿಕೋನ್ ಪದರ ಚೆಂಡನ್ನು ನಿಜಕ್ಕೂ ಹಿಡಿದುಕೊಳ್ಳುತ್ತದೆ. ಅದಕ್ಕೂ ಹಿಂದೆ ‘ಸ್ಟಿಕಮ್’ ಎಂಬ ಅಂಟನ್ನು ಕೈಗೂ ತೋಳಿಗೂ ಬಳಿದುಕೊಂಡು ಆಡುವವರಿದ್ದರು. ರೇಡರ್ಸ್ ತಂಡದ ಲೆಸ್ಟರ್ ಹೇಯ್ಸ್ ಹಲಸಿನ ಹಣ್ಣು ಬಿಡಿಸಿದವನಂತೆ ಮೈದಾನಕ್ಕೆ ಇಳಿಯುತ್ತಿದ್ದ. 1981ರಲ್ಲಿ ಅದನ್ನು ನಿಷೇಧಿಸಿದರು. ಬೆಕ್‌ಹ್ಯಾಮ್‌ನ ಮೂರು ಬೆರಳಿಗೆ ಗ್ಲೌಸ್‌ನ ಪಾಲೂ ಇದೆ ಎಂದು ನಾನೂ ಒಪ್ಪುತ್ತೇನೆ. ನನ್ನ ಪಟ್ಟಿಯಲ್ಲಿ ಅವನು ಕೆಳಗಿಳಿಯಲು ಅದೂ ಒಂದು ಕಾರಣ.

ಆದರೆ ಚೆಂಡನ್ನು ನೋಡಿ. ಕ್ರಿಕೆಟ್ ಚೆಂಡು ದುಂಡಗೆ, 160 ಗ್ರಾಂ ಆಸುಪಾಸು, ಒಂದು ಅಂಗೈಯಲ್ಲಿ ಕೂರುತ್ತದೆ. ಇದು 28 ಸೆಂಟಿಮೀಟರ್ ಉದ್ದದ, 400 ಗ್ರಾಂ ತೂಗುವ, ಎರಡೂ ತುದಿ ಚೂಪಾದ ವಸ್ತು. ತಿರುಗುತ್ತಾ ಬರುತ್ತದೆ. ಹೊಟ್ಟೆಯ ಭಾಗ ಕೈಗೆ ಸಿಕ್ಕರೆ ಸರಿ, ಮೂತಿ ಬಡಿದರೆ ಯಾವ ದಿಕ್ಕಿಗೆ ಚಿಮ್ಮುತ್ತದೋ ಹೇಳಲಾಗದು. ಇನ್ನು ಎಸೆಯುವವನು ನಮ್ಮವನೇ ಎಂಬುದು ನಿಜ, ಆದರೆ ನಮ್ಮವನ ಮೇಲೆ ಅದೇ ಗಳಿಗೆಯಲ್ಲಿ 130 ಕಿಲೋ ತೂಕದವರು ಬೀಳುತ್ತಿರುತ್ತಾರೆ, ಹಿಡಿಯುವವನ ಮೈಮೇಲೆ ಇನ್ನೊಬ್ಬ ಇರುತ್ತಾನೆ. ಸ್ಲಿಪ್‌ನಲ್ಲಿ ದ್ರಾವಿಡ್ ಅವರ ಕೈಯನ್ನು ಯಾರೂ ಜಗ್ಗುತ್ತಿರಲಿಲ್ಲವಲ್ಲ.

ಶುಕ್ರವಾರದ ದೀಪ:

ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಮಗ ಹೈಸ್ಕೂಲ್ ತಂಡದಲ್ಲಿ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವವನು. ಧಾರವಾಡದ ನಮ್ಮ ಅತ್ತೆಯವರಿಗೆ ಈ ವಿಷಯ ಇನ್ನೂ ಗೊತ್ತಿಲ್ಲ, ಮೊಮ್ಮಗ ‘ಓಟದ ಅಭ್ಯಾಸ’ಕ್ಕೆ ಹೋಗುತ್ತಾನೆ ಎಂದೇ ತಿಳಿದಿದ್ದಾರೆ. ಒಂದು ಮಟ್ಟಿಗೆ ಅದೂ ಸುಳ್ಳಲ್ಲ.

ನಾಲ್ಕು ವರ್ಷ ಮೈದಾನದ ಅಂಚಿನಲ್ಲಿ ಕುಳಿತು ನಾನು ಕಲಿತದ್ದನ್ನು ಹೇಳುತ್ತೇನೆ. ನಿಮಗೆಲ್ಲ ಬೆರಗೆನಿಸುವ ಕ್ಯಾಚ್‌ಗಳು ಮೈದಾನದ ಅಂಚಿನವು. ಗೆರೆಯ ಬಳಿ ಹಾರಿ ಹಿಡಿದವನಿಗೆ ಕೆಟ್ಟರೆ ಹೊರಗೆ ಬೀಳುವುದಷ್ಟೇ. ನಾನು ಉಸಿರು ಹಿಡಿಯುವುದು ನಡುವಿನ ಕ್ಯಾಚ್‌ಗೆ. ಹುಡುಗ ಅಡ್ಡಡ್ಡ ಓಡುತ್ತಾನೆ, ಕಣ್ಣು ಹಿಂದೆ ಚೆಂಡಿನ ಮೇಲೆ, ಎದೆ ಪೂರ್ತಿ ತೆರೆದಿರುತ್ತದೆ. ಎದುರಿನಿಂದ ಒಬ್ಬ ಓಡಿ ಬರುತ್ತಿದ್ದಾನೆ ಎಂಬುದು ಅವನಿಗೆ ಗೊತ್ತು, ಆದರೆ ನೋಡುವಂತಿಲ್ಲ. ನೋಡಿದರೆ ಚೆಂಡು ಜಾರುತ್ತದೆ. ಕೋಚ್‌ಗಳು ಹೇಳುವುದೂ ಇದನ್ನೇ, ಬಿಟ್ಟ ಕ್ಯಾಚ್‌ಗಳಲ್ಲಿ ಹೆಚ್ಚಿನವು ಕೈಯ ತಪ್ಪಲ್ಲ, ಕಣ್ಣಿನ ತಪ್ಪು. ಚೆಂಡು ಕೈ ಸೇರುವ ಮೊದಲೇ ಕಣ್ಣು ಬೇರೆಡೆಗೆ ಹೋಗಿರುತ್ತದೆ.

ಹಾಗೆ ಹಿಡಿದ ಒಂಬತ್ತು ಗಜದ ಕ್ಯಾಚ್‌ಗೆ ಯಾರೂ ವಿಡಿಯೊ ಮಾಡುವುದಿಲ್ಲ. ಮಾಡಿದರೂ ಬಿದ್ದದ್ದನ್ನು ಮಾಡುತ್ತಾರೆ.

ಒಂದು ಕೈ ಕ್ಯಾಚ್ ಬಗ್ಗೆ ಮಗನನ್ನು ಕೇಳಿದೆ. ಎರಡು ಕೈ ಸಾಧ್ಯವಿದ್ದಾಗ ಒಂದು ಕೈ ಚಾಚಿದರೆ ಕೋಚ್ ಮೈದಾನ ಸುತ್ತಿಸುತ್ತಾರಂತೆ. ‘ಬೆಕ್‌ಹ್ಯಾಮ್‌ನ ಇನ್ನೊಂದು ಕೈ ಸಿಕ್ಕಿಹಾಕಿಕೊಂಡಿತ್ತು ಅಮ್ಮಾ, ಅವನಿಗೆ ಬೇರೆ ದಾರಿ ಇರಲಿಲ್ಲ, ಅದಕ್ಕೇ ಅದು ದೊಡ್ಡದು’ ಎಂದ. ಆಮೇಲೆ ಬೆರಳಿಗೆ ಐಸ್ ಕೇಳಿದ. ಬಲಗೈಯ ಕಿರುಬೆರಳು ಉಬ್ಬಿತ್ತು. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಉತ್ತರವಿಲ್ಲ.

ಉಪ್ಪಿನಕಾಯಿ:

ಅಕ್ಕಾ, ಧಾರವಾಡದ ಅತ್ತೆಯವರು ಈ ವೇದಿಕೆಯನ್ನು ಓದುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದೀರಿ ತಾನೆ?

ರಾತ್ರಿಪಾಳಿ:

ಶುಕ್ರವಾರದ ದೀಪ ಅವರೇ, ನಿಮ್ಮ ಮಗನ ಮಾತು ನನ್ನ ವಾದಕ್ಕಿಂತ ಗಟ್ಟಿಯಾಗಿದೆ. ಬೇರೆ ದಾರಿ ಇಲ್ಲದಿದ್ದಾಗ ಮಾಡಿದ್ದು ಮಾತ್ರ ಲೆಕ್ಕಕ್ಕೆ. ಈ ಜರಡಿ ಹಿಡಿದರೆ ಮೊಬೈಲಿನ ‘ಸಾರ್ವಕಾಲಿಕ ಶ್ರೇಷ್ಠ’ಗಳಲ್ಲಿ ಮುಕ್ಕಾಲು ಪಾಲು ಉದುರುತ್ತವೆ.

ಅದೇ ಜರಡಿಯಲ್ಲಿ ನಿಲ್ಲುವ ಇನ್ನೊಂದು, 2022ರ ನವೆಂಬರ್ 13, ಬಫಲೊ. ವೈಕಿಂಗ್ಸ್‌ಗೆ ನಾಲ್ಕನೆಯ ಡೌನ್, 18 ಗಜ ಬೇಕು, ತಪ್ಪಿದರೆ ಬಹುಮಟ್ಟಿಗೆ ಪಂದ್ಯ ಮುಗಿದ ಹಾಗೆ. ಜಸ್ಟಿನ್ ಜೆಫರ್ಸನ್ ಹಿಂದಕ್ಕೆ ಬೀಳುತ್ತಾ ಒಂದೇ ಕೈಯಲ್ಲಿ, ಎದುರಾಳಿ ಕ್ಯಾಮ್ ಲೂಯಿಸ್ ಎರಡೂ ಕೈಯಿಂದ ಹಿಡಿದಿದ್ದ ಚೆಂಡನ್ನು ಗಾಳಿಯಲ್ಲೇ ಕಿತ್ತುಕೊಂಡ. 32 ಗಜ. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 33–30ಕ್ಕೆ ವೈಕಿಂಗ್ಸ್ ಗೆದ್ದಿತು. ಕೈ, ಮೈ, ಗಳಿಗೆ ಮೂರೂ ಒಂದೇ ಕಡೆ.

ಮರಳುಗಾಡಿನ ಮಳೆ:

ಗೆದ್ದವರ ಕ್ಯಾಚ್‌ಗಳನ್ನೇ ಎಣಿಸುತ್ತಿದ್ದೀರಿ. 2017ರ ಫೆಬ್ರುವರಿ 5ರ ಸೂಪರ್ ಬೌಲ್ ಅನ್ನು ಯಾರಾದರೂ ಇನ್ನೊಮ್ಮೆ ನೋಡಿ. ಹ್ಯೂಸ್ಟನ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28–3ರ ಮುನ್ನಡೆ ಕಳೆದುಕೊಂಡು 28–34ರಿಂದ ಸೋತ ಪಂದ್ಯ. ಆ ಪಂದ್ಯದ ಕ್ಯಾಚ್ ಎಂದರೆ ಎಲ್ಲರೂ ಪೇಟ್ರಿಯಟ್ಸ್‌ನ ಜೂಲಿಯನ್ ಎಡೆಲ್‌ಮನ್ ಹೆಸರು ಹೇಳುತ್ತಾರೆ. ಫಾಲ್ಕನ್ಸ್‌ನ ರಾಬರ್ಟ್ ಆಲ್ಫರ್ಡ್ ಕೈಗೆ ಬಡಿದ ಚೆಂಡು ಮೂವರು ಎದುರಾಳಿಗಳ ಕೈಕಾಲುಗಳ ನಡುವೆ ಬೀಳುತ್ತಿದ್ದಾಗ, ಹುಲ್ಲಿನಿಂದ ಬೆರಳಗಲದ ಎತ್ತರದಲ್ಲಿ ಅವನು ಅದನ್ನು ಹಿಡಿದ. ಅದ್ಭುತವೇ, ಅಲ್ಲ ಎನ್ನುವುದಿಲ್ಲ.

ಆದರೆ ಅದಕ್ಕೆ ಎರಡು-ಮೂರು ನಿಮಿಷ ಮುಂಚೆ ಫಾಲ್ಕನ್ಸ್‌ನ ಜೂಲಿಯೊ ಜೋನ್ಸ್ ಬಲಗಡೆಯ ಗೆರೆಯ ಮೇಲೆ ಏನು ಮಾಡಿದ? ಎದುರಾಳಿಯ ತಲೆಯ ಮೇಲಿಂದ ಚೆಂಡನ್ನು ಎತ್ತಿಕೊಂಡು, ಪೂರ್ತಿ ಹೊರಕ್ಕೆ ಬೀಳುತ್ತಿದ್ದ ದೇಹದ ಕೊನೆಯಲ್ಲಿ ಎರಡು ಪಾದಗಳನ್ನು ಒಂದಾದ ಮೇಲೊಂದು ಹುಲ್ಲಿಗೆ ಮುಟ್ಟಿಸಿದ. ರಂಗೋಲಿ ತುಳಿಯದೆ ಅಂಗಳ ದಾಟುವವರಂತೆ. 27 ಗಜ. ಚೆಂಡು ಎದುರಾಳಿಗಳ 22 ಗಜದ ಗೆರೆಗೆ ಬಂತು. ಅಲ್ಲಿಂದ ಸುಮ್ಮನೆ ಮೂರು ಸಲ ಓಡಿ ಕಂಬಗಳ ನಡುವೆ ಫೀಲ್ಡ್ ಗೋಲ್ ಒದ್ದಿದ್ದರೂ ಬಹುಶಃ ಕಪ್ ಅವರದೇ. ಅವರು ಮತ್ತೆ ಎಸೆಯಲು ಹೋದರು. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿಗಳು ಹಿಂದೆಯೇ ಕೆಡವಿದರು, ಮೇಲೆ ಒಂದು ದಂಡ, ಒದೆಯುವಷ್ಟು ದೂರವೂ ಉಳಿಯಲಿಲ್ಲ.

ಜೂಲಿಯೊ ಹಿಡಿದದ್ದರಲ್ಲಿ ಯಾವ ಕೊರತೆ ಇತ್ತು? ಗಳಿಗೆಯೂ ಸರಿಯಾಗಿಯೇ ಇತ್ತು. ಉಳಿದವರು ಅದನ್ನು ಹಾಳು ಮಾಡಿದರು. ರಾತ್ರಿಪಾಳಿಯವರ ‘ಗಳಿಗೆ’ ಎಂಬುದು ಹಿಡಿದವನ ಗುಣವಲ್ಲ, ಅವನ ತಂಡದವರು ಮುಂದಿನ ಐದು ನಿಮಿಷ ಏನು ಮಾಡಿದರು ಎಂಬುದರ ಫಲ. ನಾನು ಅಟ್ಲಾಂಟಾದಲ್ಲಿ ಒಂಬತ್ತು ವರ್ಷ ಇದ್ದವನು. ಆ ರಾತ್ರಿ ಟಿವಿ ಆರಿಸಿದ ಮೇಲೆ ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಮಾಡಿಟ್ಟಿದ್ದ ಕೇಸರಿಬಾತನ್ನು ಮರುದಿನ ಕಚೇರಿಗೆ ಕೊಟ್ಟು ಕಳಿಸಿದೆವು.

ಹಡ್ಸನ್ ದಂಡೆ:

ಇದು ನನಗೆ ತಟ್ಟಿತು. ಪಾದ ಪಾದ ಎಂದು ಬೊಬ್ಬೆ ಹೊಡೆದ ನಾನೇ ಜೂಲಿಯೊನನ್ನು ಮರೆತಿದ್ದೆ. ಮರೆತದ್ದಕ್ಕೆ ಕಾರಣ ತಾವು ಹೇಳಿದ್ದೇ.

ಇನ್ನೊಬ್ಬ ಹೀಗೆಯೇ ಉಳಿದುಕೊಂಡಿದ್ದಾನೆ, ಆದರೆ ಅವನನ್ನು ಮರೆತಿಲ್ಲ. 1976ರ ಜನವರಿಯ ಸೂಪರ್ ಬೌಲ್‌ನಲ್ಲಿ ಸ್ಟೀಲರ್ಸ್‌ನ ಲಿನ್ ಸ್ವಾನ್. ಎರಡು ವಾರ ಮುಂಚೆ ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದವನು. ಚಿಕ್ಕಂದಿನಲ್ಲಿ ಬ್ಯಾಲೆ ನೃತ್ಯ ಕಲಿತಿದ್ದ. ಎದುರಾಳಿ ಮಾರ್ಕ್ ವಾಷಿಂಗ್ಟನ್ ಜೊತೆ ನೆಗೆದು, ಚೆಂಡನ್ನು ಮೇಲಕ್ಕೆ ತಟ್ಟಿ, ಕೆಳಗೆ ಬೀಳುತ್ತಿರುವಾಗಲೇ ಅದು ಎದೆಯ ಬಳಿ ಬರುವುದನ್ನು ಕಾದು ಹಿಡಿದ. 53 ಗಜ. ಆ ಕ್ಯಾಚ್‌ನಿಂದ ತಂಡಕ್ಕೆ ಒಂದು ಅಂಕವೂ ಬರಲಿಲ್ಲ. ಆದರೂ ಐವತ್ತು ವರ್ಷದಿಂದ ಜನ ಅದನ್ನು ನೋಡುತ್ತಿದ್ದಾರೆ. ಬರಿಯ ಚೆಲುವಿಗಾಗಿ.

ಪೆನ್ ಹಿಲ್ಸ್ ಪ್ರಸಾದ:

ಪಿಟ್ಸ್‌ಬರ್ಗ್ ಹೆಸರು ಬಂದ ಮೇಲೆ ಸುಮ್ಮನಿರಲಾಗುವುದಿಲ್ಲ. ಮೊದಲ ಸಲ ಇಲ್ಲಿನ ವೆಂಕಟೇಶ್ವರ ದೇವಸ್ಥಾನಕ್ಕೆಂದು ಬಂದು ವಿಮಾನ ನಿಲ್ದಾಣದಲ್ಲಿ ಇಳಿದಾಗ ಎರಡು ಪ್ರತಿಮೆಗಳನ್ನು ಅಕ್ಕಪಕ್ಕದಲ್ಲಿ ಕಂಡೆ. ಒಂದು ಜಾರ್ಜ್ ವಾಷಿಂಗ್ಟನ್. ಇನ್ನೊಂದು, ಬಗ್ಗಿ ಪಾದದ ಬಳಿಯ ಚೆಂಡನ್ನು ಎತ್ತಿಕೊಳ್ಳುತ್ತಿರುವ ಫ್ರಾಂಕೊ ಹ್ಯಾರಿಸ್. ದೇಶ ಕಟ್ಟಿದವನಿಗೂ ಒಂದು ಕ್ಯಾಚ್ ಹಿಡಿದವನಿಗೂ ಸಮಾನ ಗೌರವ ಕೊಡುವ ಊರಿದು ಎಂದು ಆಗಲೇ ತಿಳಿಯಿತು.

1972ರ ಡಿಸೆಂಬರ್ 23. ಸ್ಟೀಲರ್ಸ್ 6, ರೇಡರ್ಸ್ 7. ನಾಲ್ಕನೆಯ ಡೌನ್, 22 ಸೆಕೆಂಡು. ಟೆರಿ ಬ್ರಾಡ್‌ಶಾ ಎಸೆದ ಚೆಂಡು ಸ್ಟೀಲರ್ಸ್‌ನ ಫ್ರೆಂಚಿ ಫುಕ್ವಾ ಮತ್ತು ರೇಡರ್ಸ್‌ನ ಜ್ಯಾಕ್ ಟೇಟಮ್ ಡಿಕ್ಕಿಯಾದಲ್ಲಿಂದ ಹಿಂದಕ್ಕೆ ಚಿಮ್ಮಿತು. ನೆಲ ಮುಟ್ಟುವ ಮುನ್ನ ಹ್ಯಾರಿಸ್ ಅದನ್ನು ಎತ್ತಿಕೊಂಡು ಓಡಿದರು. ಆಗಿನ ನಿಯಮದಂತೆ ಒಂದೇ ತಂಡದ ಇಬ್ಬರು ಒಬ್ಬರಾದ ಮೇಲೊಬ್ಬರು ಮುಟ್ಟುವಂತಿರಲಿಲ್ಲ. ಚೆಂಡು ತಾಗಿದ್ದು ಫುಕ್ವಾಗೋ ಟೇಟಮ್‌ಗೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಹ್ಯಾರಿಸ್ 2022ರಲ್ಲಿ, ಐವತ್ತನೆಯ ವರ್ಷದ ಆಚರಣೆಗೆ ಕೆಲವೇ ದಿನಗಳಿರುವಾಗ ತೀರಿಕೊಂಡರು.

ಇದರಲ್ಲಿ ಹಾರಾಟವಿಲ್ಲ, ಒಂದು ಕೈ ಇಲ್ಲ, ಗೆರೆಯಿಲ್ಲ. ಎಸೆತ ಅವರಿಗೆ ಬಂದದ್ದೂ ಅಲ್ಲ. ಎಲ್ಲರೂ ಮುಗಿಯಿತು ಎಂದು ನಿಂತಿದ್ದಾಗ ಒಬ್ಬರು ಓಡುತ್ತಿದ್ದರು, ಅಷ್ಟೆ. ಅದಕ್ಕೆ ನಿಮ್ಮ ಪಟ್ಟಿಯಲ್ಲಿ ಎಲ್ಲಿ ಜಾಗ?

ಮರಳುಗಾಡಿನ ಮಳೆ:

ಅದು ಅದೃಷ್ಟ. ಶ್ರೇಷ್ಠ ಕತೆ, ಶ್ರೇಷ್ಠ ಕ್ಯಾಚ್ ಅಲ್ಲ.

ಪೆನ್ ಹಿಲ್ಸ್ ಪ್ರಸಾದ:

ಈ ಮಾತನ್ನು ಪಿಟ್ಸ್‌ಬರ್ಗ್‌ನ ಬೀದಿಯಲ್ಲಿ ಹೇಳಬೇಡಿ. ದೇವಸ್ಥಾನದೊಳಗೂ ಹೇಳಬೇಡಿ.

ಗೊಂದಲ ಗೋಪುರ:

ಹಿಡಿದೂ ಹಿಡಿಯದಂತಾದದ್ದನ್ನು ಎಲ್ಲಿಡುತ್ತೀರಿ? 2015ರ ಜನವರಿ 11, ಗ್ರೀನ್ ಬೇ. ಕೌಬಾಯ್ಸ್‌ನ ಡೆಜ್ ಬ್ರಯಂಟ್ ನಾಲ್ಕನೆಯ ಡೌನ್‌ನಲ್ಲಿ ಎದುರಾಳಿಯ ಮೇಲೆ ಏರಿ ಚೆಂಡು ಹಿಡಿದ, ಹೆಜ್ಜೆ ಹಾಕಿದ, ಗೆರೆಯತ್ತ ಕೈ ಚಾಚಿ ಬಿದ್ದ. ಬಿದ್ದಾಗ ಚೆಂಡು ನೆಲಕ್ಕೆ ಬಡಿದು ಒಮ್ಮೆ ಮೇಲೆದ್ದಿತು. ಮೊದಲು ಕ್ಯಾಚ್ ಎಂದರು, ವಿಡಿಯೊ ನೋಡಿ ಅಲ್ಲ ಎಂದರು. ಕೌಬಾಯ್ಸ್ 21–26ರಿಂದ ಸೋತಿತು. ಅದಕ್ಕೂ ಮುಂಚೆ 2010ರಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್‌ಗೂ ಶಿಕಾಗೊದಲ್ಲಿ ಇದೇ ಗತಿಯಾಗಿತ್ತು. ಬೀಳುವ ಕ್ರಿಯೆ ಮುಗಿಯುವ ತನಕ ಚೆಂಡು ಅಲುಗಬಾರದು ಎಂಬ ನಿಯಮ. 2018ರಲ್ಲಿ ಅದನ್ನು ಸಡಿಲಿಸಿದರು. ಹಿಡಿತ ಇರಬೇಕು, ಎರಡು ಪಾದ ಊರಬೇಕು, ಆಮೇಲೆ ಮೂರನೆಯ ಹೆಜ್ಜೆಯಂಥ ಒಂದು ಚಲನೆ ಇರಬೇಕು ಅಥವಾ ಅದಕ್ಕೆ ಸಾಕಷ್ಟು ಹೊತ್ತು ಸಿಕ್ಕಿರಬೇಕು. ಈಗಿನ ನಿಯಮದಲ್ಲಾದರೆ ಬ್ರಯಂಟ್‌ನದು ಕ್ಯಾಚ್.

ಡಲ್ಲಾಸ್‌ನಲ್ಲಿ ನನ್ನ ಪಕ್ಕದ ಮನೆಯವರು ಇಂದಿಗೂ ‘ಅವನು ಹಿಡಿದಿದ್ದ’ ಎಂದು ಬರೆದ ಅಂಗಿಯನ್ನು ಧರಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಆ ಕ್ಯಾಚ್‌ಗೆ ಇರುವಷ್ಟು ಅಭಿಮಾನಿಗಳು ಪುಸ್ತಕದಲ್ಲಿರುವ ಬಹಳಷ್ಟು ಕ್ಯಾಚ್‌ಗಳಿಗಿಲ್ಲ.

ಶುಕ್ರವಾರದ ದೀಪ:

ನಮ್ಮ ಮನೆಯವರ ಹತ್ತಿರವೂ ಅಂಥದ್ದೊಂದಿದೆ. ಒಗೆಯಲು ಕೊಡುವುದಿಲ್ಲ.

ಕಾಫಿ ತೋಟ:

ಎರಡು ರಾತ್ರಿ ಕುಳಿತು, ನೀವು ಹೇಳಿದ ಎಲ್ಲವನ್ನೂ ಮಗಳ ಸಹಾಯದಿಂದ ನೋಡಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ, ಮುಕ್ಕಾಲು.

ನನಗೆ ಹೋಮ್ಸ್ ಅರ್ಥವಾದದ್ದು 2024ರ ಬಾರ್ಬಡೋಸ್ ಫೈನಲ್‌ನಿಂದ. ಕೊನೆಯ ಓವರಿನಲ್ಲಿ ಮಿಲ್ಲರ್ ಹೊಡೆದ ಚೆಂಡನ್ನು ಸೂರ್ಯಕುಮಾರ್ ಹಗ್ಗದ ಬಳಿ ಹಿಡಿದು, ಒಳಕ್ಕೆ ಎಸೆದು, ಆಚೆ ಹೋಗಿ, ಮರಳಿ ಬಂದು ಹಿಡಿದರಲ್ಲ, ಅವತ್ತು ನಾವೆಲ್ಲ ನೋಡಿದ್ದು ಅವರ ಕೈಯನ್ನಲ್ಲ, ಬೂಟನ್ನು. ಆದರೆ ಅವರಿಗೆ ಚೆಂಡನ್ನು ಗಾಳಿಗೆ ಬಿಟ್ಟು ಗೆರೆ ದಾಟಿ ಬರುವ ಅವಕಾಶವಿತ್ತು. ಈ ಹೋಮ್ಸ್‌ಗೂ ಜೂಲಿಯೊಗೂ ಅದಿಲ್ಲ. ಒಂದೇ ಸಲ, ಒಂದೇ ಉಸಿರಿನಲ್ಲಿ.

ನನ್ನ ಮತ ಜೂಲಿಯೊಗೆ. ಹಿಡಿದು ಎದ್ದ ಮೇಲೆ ಅವನ ಮುಖವನ್ನು ನೋಡಿದಿರಾ? ದಿನಗೂಲಿ ಮುಗಿಸಿದವನ ಹಾಗೆ ಚೆಂಡನ್ನು ಕೊಟ್ಟು ಹೋದ. ಟೈರಿಯದನ್ನು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಈ ಸಲ ಬೀಳಿಸುತ್ತಾನೆ ಎಂದೇ ಅನ್ನಿಸಿತು. ಅದನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಮುಂದಿನ ಸೂಪರ್ ಬೌಲ್ ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ?

ರಾತ್ರಿಪಾಳಿ:

ಸೋಮವಾರ ಬೆಳಗಿನ ಜಾವ 5ಕ್ಕೆ, ಸರ್. ನನಗೆ ಅಭ್ಯಾಸವಿದೆ. ನಿಮ್ಮನ್ನು ಎಬ್ಬಿಸಬೇಕೇ?

ಕಾಫಿ ತೋಟ:

ತೋಟದವರನ್ನು 5ಕ್ಕೆ ಎಬ್ಬಿಸಲು ಬೆಂಗಳೂರಿನವರು ಬೇಕೇ? ಅಷ್ಟು ಹೊತ್ತಿಗೆ ನನ್ನದು ಎರಡನೆಯ ಲೋಟ.